ಕೈಗೆ ತಗೊಂಡ್ರೆ ಸಿಗ್ನಲ್ ಹೋಗುತ್ತೆ: ತಪ್ಪು ಫೋನಿನದಾ, ಕೈಯದಾ?

ಹೋದ ತಿಂಗಳು ಪಾಂಡವಪುರದ ಕಡೆಯ ರೈತರೊಬ್ಬರು ಮಂಡ್ಯದ ನಮ್ಮ ಫೋನ್ ರಿಪೇರಿ ಅಂಗಡಿಗೆ ಬಂದರು. ಫೋನನ್ನು ಕೌಂಟರ್ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದು ನಿಂತರು. "ನೋಡಪ್ಪ, ಈಗ ನಾಕ್ ಕಡ್ಡಿ ಅದೆ. ಎತ್ಕತೀನಿ ನೋಡು" ಅಂದರು. ಎತ್ತಿಕೊಂಡರು. ಹತ್ತು ಎಣಿಸುವಷ್ಟರಲ್ಲಿ ಒಂದೇ ಕಡ್ಡಿ. ಕೆಳಗಿಟ್ಟರು, ಮತ್ತೆ ನಾಲ್ಕು. "ನನ್ ಕೈಯಲ್ಲೇ ಏನೋ ದೋಸ ಅದೆ ಅಂತಾಳೆ ನಮ್ಮನೆಯವ್ಳು" ಅಂತ ಅಂಗೈ ತಿರುಗಿಸಿ ನೋಡಿಕೊಂಡರು. ಗದ್ದೆ ಕೆಲಸಕ್ಕೆ ಜಡ್ಡುಗಟ್ಟಿದ ದೊಡ್ಡ ಕೈ.

ಅಷ್ಟು ಹೊತ್ತಿಗಾಗಲೇ ಅವರು ಸಿಮ್ ಬದಲಾಯಿಸಿದ್ದರು, ಕಂಪನಿ ಬದಲಾಯಿಸಿದ್ದರು. ಬ್ಯಾಟರಿ ಬೇಗ ಇಳಿಯುತ್ತೆ ಅಂತ ಬೇರೆ ಕಡೆ ಹೊಸ ಬ್ಯಾಟರಿ ಹಾಕಿಸಿದ್ದರು. ಯಾರೋ ಫೋನಿನ ಬೆನ್ನಿಗೆ ಹೊಳೆಯುವ ಸ್ಟಿಕ್ಕರ್ ಅಂಟಿಸಿ ದುಡ್ಡು ಇಸ್ಕೊಂಡಿದ್ದರು. ತೊಂದರೆ ಮಾತ್ರ ಹಾಗೇ ಇತ್ತು.

ಈ ದೂರು ವಾರಕ್ಕೊಂದಾದರೂ ಬರುತ್ತದೆ. ಇದಕ್ಕೆ ಸಾಮಾನ್ಯವಾಗಿ ಮೂರೇ ಕಾರಣ. ಕೈ ಸಿಗ್ನಲನ್ನು ನುಂಗುತ್ತಿರಬಹುದು. ಕವರಿನಲ್ಲೋ ಬೆನ್ನಲ್ಲೋ ಲೋಹ ಇರಬಹುದು. ಇಲ್ಲವೇ ಫೋನಿನ ಒಳಗೆ ಆಂಟೆನಾ ಜೋಡಣೆ ಸಡಿಲ ಆಗಿರಬಹುದು. ಹೊರಗಿಂದ ನೋಡಿದರೆ ಮೂರೂ ಒಂದೇ ಥರ ಕಾಣುತ್ತವೆ. ಆದರೆ ಮೊದಲನೆಯದಕ್ಕೆ ರಿಪೇರಿಯೇ ಇಲ್ಲ, ಹಿಡಿಯುವ ರೀತಿ ಬದಲಾಯಿಸಬೇಕು ಅಷ್ಟೆ. ಎರಡನೆಯದು ಖರ್ಚಿಲ್ಲದೆ ಸರಿಹೋಗುತ್ತದೆ. ಮೂರನೆಯದಕ್ಕೆ ಮಾತ್ರ ಫೋನ್ ಬಿಚ್ಚಬೇಕು. ಯಾವುದು ಅಂತ ಗೊತ್ತಿಲ್ಲದೆ ಬಿಚ್ಚಿದರೆ ದುಡ್ಡು ದಂಡ. ಆದ್ದರಿಂದ ಮನೆಯಲ್ಲೇ ಮಾಡಿ ನೋಡಬಹುದಾದ ಪರೀಕ್ಷೆ ಬರೆಯುತ್ತಿದ್ದೇನೆ. ಒಂದು ಒಣ ಮರದ ಸೌಟು, ಒಂದು ಪ್ಲಾಸ್ಟಿಕ್ ಬಾಟಲಿ ನೀರು, ಒಂದು ಚಮಚ ಉಪ್ಪು, ಪೆನ್ನು, ಕಾಗದ ಇಟ್ಟುಕೊಳ್ಳಿ.

ಕಡ್ಡಿ ನಂಬಬೇಡಿ, ಸಂಖ್ಯೆ ನೋಡಿ

ಫೋನಿನ ಮೇಲ್ತುದಿಯ ಕಡ್ಡಿಗಳಿಗೆ ಎಲ್ಲರಿಗೂ ಒಂದೇ ಅಳತೆ ಅಂತ ಇಲ್ಲ. ಒಂದು ಕಂಪನಿಯ ಮೂರು ಕಡ್ಡಿ ಇನ್ನೊಂದರ ಎರಡು ಕಡ್ಡಿ ಆಗಿರಬಹುದು. ನಿಜವಾದ ಅಳತೆ ಡಿಬಿಎಂ (dBm) ಸಂಖ್ಯೆ, ಅಂದರೆ ಫೋನಿಗೆ ಸಿಗುವ ಸಿಗ್ನಲಿನ ಶಕ್ತಿಯ ಲೆಕ್ಕ. ಆಂಡ್ರಾಯ್ಡ್ ಫೋನಾದರೆ ಸೆಟ್ಟಿಂಗ್ಸ್‌ಗೆ ಹೋಗಿ, ಅಬೌಟ್ ಫೋನ್, ಅಲ್ಲಿ ಸ್ಟೇಟಸ್, ಅದರೊಳಗೆ ಸಿಮ್ ಸ್ಟೇಟಸ್ ಒತ್ತಿ. ಸಿಗ್ನಲ್ ಸ್ಟ್ರೆಂತ್ ಅನ್ನುವ ಕಡೆ ಮೈನಸ್ ಸಂಖ್ಯೆ ಕಾಣುತ್ತದೆ. ಕೆಲವು ಫೋನ್‌ಗಳಲ್ಲಿ ಹೆಸರು ಸ್ವಲ್ಪ ಬೇರೆ ಇರುತ್ತದೆ, ಜಾಗ ಮಾತ್ರ ಹೆಚ್ಚುಕಡಿಮೆ ಅದೇ. ಐಫೋನಾದರೆ *3001#12345#* ಅಂತ ಡಯಲ್ ಮಾಡಿದರೆ ಪರೀಕ್ಷೆಯ ಪುಟ ತೆರೆಯುತ್ತದೆ.

ಮೈನಸ್ ಇರುವುದರಿಂದ ಸಂಖ್ಯೆ ದೊಡ್ಡದಾದಷ್ಟೂ ಸಿಗ್ನಲ್ ಕಡಿಮೆ. 4ಜಿಯಲ್ಲಿ ಮೈನಸ್ 80ರ ಸುತ್ತ ಇದ್ದರೆ ಬಹಳ ಚೆನ್ನಾಗಿದೆ ಅಂತ. ಮೈನಸ್ 100 ಆದರೂ ಕೆಲಸ ನಡೆಯುತ್ತದೆ. ಮೈನಸ್ 110 ದಾಟಿದರೆ ಮಾತು ಕಡಿದು ಕಡಿದು ಬರುತ್ತದೆ. 120ರ ಹತ್ತಿರ ಕರೆ ನಿಲ್ಲುವುದೇ ಕಷ್ಟ. ಇಲ್ಲಿ ಒಂದು ವಿಷಯ ಮನಸ್ಸಲ್ಲಿ ಇಟ್ಟುಕೊಳ್ಳಿ. ಮೂರು ಅಂಕ ಇಳಿದರೆ ಶಕ್ತಿ ಅರ್ಧ ಆಯಿತು ಅಂತ ಅರ್ಥ. ಹತ್ತು ಇಳಿದರೆ ಹತ್ತರಲ್ಲಿ ಒಂದು ಪಾಲು ಮಾತ್ರ ಉಳಿಯಿತು. ಮೈನಸ್ 97ರಿಂದ 107ಕ್ಕೆ ಹೋಗುವುದು ನೋಡಲು ಸಣ್ಣದು, ಆದರೆ ಹತ್ತರಲ್ಲಿ ಒಂಬತ್ತು ಪಾಲು ಹೋಗಿಬಿಟ್ಟಿದೆ.

ಸಂಖ್ಯೆ ಒಂದೇ ಕಡೆ ನಿಲ್ಲುವುದಿಲ್ಲ. ಫೋನ್ ಮುಟ್ಟದೇ ಇದ್ದರೂ ಎರಡು ಮೂರು ಅಂಕ ಆಚೀಚೆ ಆಡುತ್ತಿರುತ್ತದೆ. ಒಂದು ಸಲ ನೋಡಿ ತೀರ್ಮಾನ ಮಾಡಬೇಡಿ. ಹದಿನೈದು ಸೆಕೆಂಡ್ ಕಾಯಿರಿ, ನಾಲ್ಕೈದು ಸಲ ನೋಡಿ, ಮಧ್ಯದ ಸಂಖ್ಯೆ ಬರೆದುಕೊಳ್ಳಿ. ನಡುವೆ ಫೋನ್ 4ಜಿಯಿಂದ 2ಜಿಗೆ ಹಾರಿದರೆ ಆ ಅಳತೆ ಬಿಟ್ಟುಬಿಡಿ. ಎರಡರ ಲೆಕ್ಕವೂ ಬೇರೆ. ಪರೀಕ್ಷೆ ಮುಗಿಯುವ ತನಕ ಜಾಗ ಬದಲಾಯಿಸಬೇಡಿ. ಒಂದು ಗೇಣು ಸರಿದರೂ ಸಂಖ್ಯೆ ಬದಲಾಗುತ್ತದೆ.

ಕೈ ಏನು ಮಾಡುತ್ತದೆ

ಹಿಂದೆ ಫೋನಿನ ತಲೆ ಮೇಲೆ ಕಡ್ಡಿ ಇರುತ್ತಿತ್ತು, ಅದೇ ಆಂಟೆನಾ ಅಂತ ಎಲ್ಲರಿಗೂ ಗೊತ್ತಿತ್ತು. 1999ರಲ್ಲಿ ಬಂದ ನೋಕಿಯಾ 3210 ಥರದ ಫೋನ್‌ಗಳಿಂದ ಆಂಟೆನಾ ಒಳಗೆ ಸೇರಿತು. ಈಗ ಫೋನಿನ ಅಂಚಿನ ಲೋಹದ ಪಟ್ಟಿಯೇ ಎಷ್ಟೋ ಸಲ ಆಂಟೆನಾ. ಅಂಚಿನ ಸುತ್ತ ಬೆರಳು ಆಡಿಸಿ ನೋಡಿ, ಅಲ್ಲಲ್ಲಿ ತೆಳ್ಳಗೆ ಪ್ಲಾಸ್ಟಿಕ್ ಗೆರೆ ಸಿಗುತ್ತದೆ. ಅದು ಅಂದಕ್ಕೆ ಹಾಕಿದ್ದಲ್ಲ, ಒಂದು ಆಂಟೆನಾವನ್ನು ಇನ್ನೊಂದರಿಂದ ಬೇರೆ ಮಾಡುವ ಗೆರೆ. ಸಾಮಾನ್ಯವಾಗಿ ಮುಖ್ಯ ಆಂಟೆನಾ ಕೆಳಗಡೆ, ಚಾರ್ಜರ್ ಚುಚ್ಚುವ ಕಡೆ ಇರುತ್ತದೆ. ಮಾತಾಡುವಾಗ ತಲೆಯಿಂದ ದೂರ ಇರಲಿ ಅಂತ ಹಾಗೆ ಮಾಡಿದ್ದಾರೆ. ಆದರೆ ನಮ್ಮ ಅಂಗೈ ಕೂರುವುದೂ ಅಲ್ಲೇ.

ನಮ್ಮ ಮೈಯ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ನೀರು, ಅದೂ ಉಪ್ಪುನೀರು. ರೇಡಿಯೊ ಅಲೆ ಅದರೊಳಗೆ ಹೋದರೆ ಶಕ್ತಿ ಕಳೆದುಕೊಂಡು ಸಣ್ಣ ಬಿಸಿಯಾಗಿ ಮುಗಿದುಹೋಗುತ್ತದೆ. ಇದು ಒಂದು. ಇನ್ನೊಂದು ಇದಕ್ಕಿಂತ ಸೂಕ್ಷ್ಮ. ದೇವಸ್ಥಾನದ ಜಾಗಟೆ ಹಗ್ಗದಲ್ಲಿ ತೂಗುತ್ತಿರುವಾಗ ಬಡಿದರೆ ಊರಿಗೇ ಕೇಳುತ್ತದೆ. ಅದರ ಅಂಚನ್ನು ಕೈಲಿ ಹಿಡಿದು ಬಡಿಯಿರಿ, ಟಪ್ ಅಂತ ಸತ್ತ ಶಬ್ದ ಬರುತ್ತದೆ. ಆಂಟೆನಾ ಕೂಡ ಹಾಗೇ. ಒಂದು ಅಲೆಗೆ ಸರಿಯಾಗಿ ಕಂಪಿಸಲಿ ಅಂತ ಅದರ ಉದ್ದ ಲೆಕ್ಕ ಹಾಕಿ ಕೂರಿಸಿರುತ್ತಾರೆ. 900 ಮೆಗಾಹರ್ಟ್ಜ್ ಅಲೆಯ ಉದ್ದ ಸುಮಾರು 33 ಸೆಂಟಿಮೀಟರ್, 1800ರದ್ದು ಅದರ ಅರ್ಧ. ಅಂಗೈ ಹತ್ತಿರ ಬಂದ ಕೂಡಲೇ ಆ ಲೆಕ್ಕ ತಪ್ಪುತ್ತದೆ. ಶ್ರುತಿ ಜಾರಿದ ವೀಣೆ ಥರ ಆಗುತ್ತದೆ.

2010ರಲ್ಲಿ ಐಫೋನ್ 4 ಬಂದಾಗ ಜಗತ್ತಿಗೆಲ್ಲ ಈ ವಿಷಯ ಗೊತ್ತಾಯಿತು. ಅದರಲ್ಲಿ ಹೊರಗಿನ ಸ್ಟೀಲ್ ಪಟ್ಟಿಯೇ ಆಂಟೆನಾ. ಎಡಗಡೆ ಕೆಳಗೆ ಒಂದು ಸಣ್ಣ ಬಿರುಕು, ಅದರ ಎರಡು ಪಕ್ಕಕ್ಕೂ ಬೇರೆ ಬೇರೆ ಆಂಟೆನಾ. ಎಡಗೈಲಿ ಹಿಡಿದವರ ಅಂಗೈ ನೇರವಾಗಿ ಎರಡನ್ನೂ ಸೇರಿಸಿಬಿಡುತ್ತಿತ್ತು. ಕಂಪನಿ ಆ ಜುಲೈನಲ್ಲಿ ಕೊಂಡವರಿಗೆಲ್ಲ ಬಿಟ್ಟಿಯಾಗಿ ಕವರ್ ಕೊಡುವುದಾಗಿ ಹೇಳಿತು. ಕವರ್ ಮಾಡಿದ್ದು ಇಷ್ಟೇ: ಕೈಗೂ ಲೋಹಕ್ಕೂ ನಡುವೆ ಒಂದೆರಡು ಮಿಲಿಮೀಟರ್ ಜಾಗ ಬಿಡಿಸಿತು. ಅಷ್ಟು ಸಣ್ಣ ಜಾಗಕ್ಕೆ ಎಷ್ಟು ಬೆಲೆ ಇದೆ ನೋಡಿ.

ಮೈ ಯಾವಾಗಲೂ ಅಡ್ಡಿ ಅಂತಲೂ ಹೇಳಲಾಗದು. ಹಳೇ ಟ್ರಾನ್ಸಿಸ್ಟರ್‌ನಲ್ಲಿ ಮೈಸೂರು ಆಕಾಶವಾಣಿ ಕೇಳಿದವರಿಗೆ ನೆನಪಿರುತ್ತದೆ. ಏರಿಯಲ್ ಹಿಡಿದುಕೊಂಡರೆ ಹಾಡು ಸ್ಪಷ್ಟ, ಬಿಟ್ಟರೆ ಕರಕರ. ಅದರ ಎಫ್‌ಎಂ 100.6 ಮೆಗಾಹರ್ಟ್ಜ್. ಆ ಅಲೆಯ ಉದ್ದ ಸುಮಾರು ಮೂರು ಮೀಟರ್, ಅರ್ಧ ಅಂದರೆ ಹತ್ತಿರಹತ್ತಿರ ಆಳೆತ್ತರ. ಹಾಗಾಗಿ ಅಲ್ಲಿ ನಮ್ಮ ಮೈಯೇ ಉದ್ದದ ಏರಿಯಲ್ ಆಗುತ್ತದೆ. ಈ ಆಕಾಶವಾಣಿ ಅನ್ನುವ ಹೆಸರು ಮೈಸೂರಿನದೇ. ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರ ಹೇಳಿಕೊಡುತ್ತಿದ್ದ ಎಂ.ವಿ. ಗೋಪಾಲಸ್ವಾಮಿ ಅವರು 1935ರಲ್ಲಿ ತಮ್ಮ ಮನೆಯಲ್ಲೇ ಶುರು ಮಾಡಿದ ರೇಡಿಯೊ ಕೇಂದ್ರದ ಹೆಸರು ಅದು. ಮೊಬೈಲಿನ ಅಲೆ ಗಿಡ್ಡ. ಅದರ ಮುಂದೆ ನಮ್ಮ ಕೈ ದೊಡ್ಡ ಗೋಡೆ.

ಸೌಟು ಮತ್ತು ಬಾಟಲಿ

ಈಗ ಪರೀಕ್ಷೆಗೆ ಬರೋಣ. ಮೊದಲು ಕವರ್ ತೆಗೆದು, ಫೋನನ್ನು ಮರದ ಸ್ಟೂಲ್ ಮೇಲಿಡಿ. ಕಬ್ಬಿಣದ ಮೇಜು, ಬೀರು, ಫ್ರಿಜ್ ಪಕ್ಕ ಬೇಡ. ನೀವು ಒಂದು ಮಾರು ದೂರ ನಿಂತು ಸಂಖ್ಯೆ ಓದಿ. ಇದು ಮೊದಲ ಅಳತೆ. ಆಮೇಲೆ ಅದೇ ಜಾಗದಲ್ಲಿ, ನೀವು ದಿನವೂ ಹಿಡಿಯುವ ಹಾಗೆ ಕೈಲಿ ಹಿಡಿದು ಓದಿ. ಇದು ಎರಡನೆಯದು.

ಎರಡರ ನಡುವೆ ನಾಲ್ಕರಿಂದ ಎಂಟು ಅಂಕ ವ್ಯತ್ಯಾಸ ಬಂದರೆ ಗಾಬರಿ ಬೇಡ, ಎಲ್ಲ ಫೋನಲ್ಲೂ ಬರುತ್ತದೆ. ಬಿಗಿಯಾಗಿ ಕೆಳಭಾಗ ಮುಚ್ಚಿ ಹಿಡಿದರೆ ಹತ್ತೂ ಆಗಬಹುದು. ಅದಕ್ಕಿಂತ ಜಾಸ್ತಿ ಆದರೆ ಮುಂದಕ್ಕೆ ಹೋಗಿ.

ಕೈಲಿ ಹಿಡಿದಾಗ ಎರಡು ಕೆಲಸ ಒಟ್ಟಿಗೇ ಆಗುತ್ತವೆ. ಉಪ್ಪುನೀರಿನ ಮೈ ಹತ್ತಿರ ಬರುತ್ತದೆ, ಜೊತೆಗೆ ಫೋನಿನ ಮೇಲೆ ಒತ್ತಡವೂ ಬೀಳುತ್ತದೆ. ಇವೆರಡನ್ನೂ ಬಿಡಿಸಿ ನೋಡಬೇಕು. ಅದಕ್ಕೇ ಬಾಟಲಿ ಮತ್ತು ಸೌಟು.

ಅರ್ಧ ಲೀಟರ್ ನೀರಿನ ಬಾಟಲಿಗೆ ಒಂದು ಟೀ ಚಮಚ ಉಪ್ಪು ಹಾಕಿ ಕುಲುಕಿ. ನಮ್ಮ ರಕ್ತದ ಉಪ್ಪು ಹೆಚ್ಚುಕಡಿಮೆ ಅಷ್ಟೇ. ಬಾಟಲಿಯನ್ನು ಫೋನಿನ ಕೆಳತುದಿಗೆ ತಾಗುವ ಹಾಗೆ ಅಡ್ಡ ಮಲಗಿಸಿ, ಕೈ ತೆಗೆದು ದೂರ ಸರಿಯಿರಿ. ಸಂಖ್ಯೆ ಓದಿ. ಇಲ್ಲಿ ಮೈಯ ಗುಣ ಇದೆ, ಒತ್ತಡ ಇಲ್ಲ. ಆಮೇಲೆ ಬಾಟಲಿ ತೆಗೆದಿಡಿ. ಮರದ ಸೌಟಿನ ಹಿಡಿ ಉದ್ದ ಇರಲಿ, ಚೆನ್ನಾಗಿ ಒಣಗಿರಲಿ. ಅದರ ತುದಿಯಿಂದ ಫೋನಿನ ಬೆನ್ನನ್ನು, ಮೊದಲು ಕೆಳಗೆ, ಆಮೇಲೆ ಮೇಲೆ, ಬೆರಳಲ್ಲಿ ಒತ್ತುವಷ್ಟೇ ಒತ್ತಿ ಹಿಡಿಯಿರಿ. ಇಲ್ಲಿ ಒತ್ತಡ ಇದೆ, ಮೈ ಇಲ್ಲ. ಒಣ ಮರ ಈ ಅಲೆಗೆ ಹೆಚ್ಚು ಅಡ್ಡ ಬರುವುದಿಲ್ಲ.

ಬಾಟಲಿಗೆ ಇಳಿದು ಸೌಟಿಗೆ ಇಳಿಯದಿದ್ದರೆ ನಿಮ್ಮ ಫೋನ್ ಚೆನ್ನಾಗಿದೆ, ಕೈಯದೇ ಕೆಲಸ. ಸೌಟಿಗೆ ಇಳಿದರೆ ಒಳಗೆ ಯಾವುದೋ ಜೋಡಣೆ ಅಲುಗಾಡುತ್ತಿದೆ.

ನಮ್ಮ ರೈತರ ಫೋನಿನ ಲೆಕ್ಕ ಹೀಗಿತ್ತು. ಸ್ಟೂಲ್ ಮೇಲೆ ಮೈನಸ್ 97. ಕೈಲಿ 113. ಅಲ್ಲಿಗೇ ಹದಿನಾರು ಅಂಕ. ನಿಜ ಹೇಳಬೇಕಂದರೆ, ಅವರ ಕೈ ನೋಡಿ ನಾನೂ ಮೊದಲು ಕೈಯದೇ ಅಂದುಕೊಂಡಿದ್ದೆ. ಬಾಟಲಿ ಇಟ್ಟರೆ 101. ಸೌಟು ಕೆಳಗಡೆ ಒತ್ತಿದರೆ 114. ಒತ್ತುವುದು ಬಿಟ್ಟ ಕೂಡಲೇ 98. "ಕೈ ಅಲ್ಲ ಯಜಮಾನ್ರೆ, ಒಳಗೆ ಸಡಿಲ ಆಗಿದೆ" ಅಂದೆ. "ಸೌಟ್ ಹೇಳ್ತಾ?" ಅಂತ ನಕ್ಕರು.

ಬಿಚ್ಚಿ ನೋಡಿದರೆ ಅದೇ. ಮೇಲಿನ ದೊಡ್ಡ ಬೋರ್ಡಿನಿಂದ ಕೆಳಗಿನ ಚಾರ್ಜಿಂಗ್ ಬೋರ್ಡಿಗೆ ಒಂದು ತೆಳ್ಳನೆಯ ಆಂಟೆನಾ ವೈರ್ ಹೋಗುತ್ತದೆ. ನೂಡಲ್ಸ್‌ ಎಳೆಯಷ್ಟು ದಪ್ಪ. ಅದರ ತುದಿಯಲ್ಲಿ ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡದಾದ ದುಂಡನೆಯ ಲೋಹದ ಟೋಪಿ. ಒತ್ತಿದರೆ ಟಿಕ್ ಅಂತ ಕೂರಬೇಕು. ಬ್ಯಾಟರಿ ಬದಲಾಯಿಸುವಾಗ ಆ ವೈರನ್ನು ಸರಿಸಿ, ತಿರುಗಿ ಹಾಕುವಾಗ ಪೂರ್ತಿ ಕೂರಿಸಿರಲಿಲ್ಲ. ಒಂದು ಕಡೆ ಮೇಲೆದ್ದಿತ್ತು. ಫೋನ್ ಸುಮ್ನೆ ಮಲಗಿದ್ದರೆ ಹೇಗೋ ತಾಗಿಕೊಂಡಿರುತ್ತಿತ್ತು. ಬೆನ್ನಿನ ಮುಚ್ಚಳ ಕೊಂಚ ಬಾಗಿದರೂ ಬಿಟ್ಟುಹೋಗುತ್ತಿತ್ತು. ಹತ್ತಿಗೆ ಸ್ವಲ್ಪ ಐಪಿಎ (ಬೋರ್ಡ್ ಒರೆಸುವ ಸ್ಪಿರಿಟ್) ಮುಟ್ಟಿಸಿ ಒರೆಸಿ, ನೇರ ಮಾಡಿ ಒತ್ತಿದೆ. ಟಿಕ್ ಅಂತು. ಮುಚ್ಚಿ ಮತ್ತೆ ನೋಡಿದರೆ ಸ್ಟೂಲ್ ಮೇಲೆ 96, ಕೈಲಿ 102. ಉಳಿದ ಆರು ಅಂಕ ಅವರ ಕೈಯದು. ಅದನ್ನು ಯಾರೂ ರಿಪೇರಿ ಮಾಡಲಾಗದು, ಮಾಡಬೇಕಾಗಿಯೂ ಇಲ್ಲ.

ಇನ್ನೊಂದು ಗುರುತು ಹೇಳುತ್ತೇನೆ. ಕೆಲವರು "ಮುಟ್ಟಿದರೆ ಸಿಗ್ನಲ್ ಬರುತ್ತೆ, ಬಿಟ್ಟರೆ ಹೋಗುತ್ತೆ" ಅಂತ ಉಲ್ಟಾ ಹೇಳುತ್ತಾರೆ. ಅದು ಬಹುಮಟ್ಟಿಗೆ ಕಿತ್ತುಹೋದ ಆಂಟೆನಾ. ಒತ್ತಿದಾಗ ಬಿಟ್ಟ ಜೋಡಣೆ ಕೂಡುತ್ತದೆ, ಇಲ್ಲವೇ ಬೆರಳೇ ಸೇತುವೆ ಆಗಿ ಒಂದಿಷ್ಟು ಸಿಗ್ನಲ್ ದಾಟಿಸುತ್ತದೆ. ಫೋನ್ ಬಿದ್ದ ಮೇಲೆ, ನೀರಿಗೆ ಹೋದ ಮೇಲೆ, ಡಿಸ್‌ಪ್ಲೇ ಹಾಕಿಸಿದ ಮೇಲೆ ಈ ಲಕ್ಷಣ ಶುರುವಾದರೆ ತಡ ಮಾಡದೆ ಹಾಕಿಸಿದ ಕಡೆಯೇ ತೋರಿಸಿ. ಮಾಡಿದವರೇ ಸರಿ ಮಾಡಿಕೊಡಬೇಕಾದ ಕೆಲಸ ಅದು.

ಕವರ್, ತಗಡು, ಸ್ಟಿಕ್ಕರ್

ಪರೀಕ್ಷೆಯಲ್ಲಿ ಫೋನ್ ಚೆನ್ನಾಗಿದ್ದರೆ, ಕವರ್ ಹಾಕಿ ಮತ್ತೊಂದು ಸಲ ಸ್ಟೂಲ್ ಮೇಲೆ ಅಳೆಯಿರಿ. ರಬ್ಬರ್, ಸಿಲಿಕೋನ್, ಪ್ಲಾಸ್ಟಿಕ್ ಕವರಿನಿಂದ ಸಿಗ್ನಲಿಗೆ ಏನೂ ಆಗುವುದಿಲ್ಲ. ಅವು ಕೈಯನ್ನು ಲೋಹದಿಂದ ಕೊಂಚ ದೂರ ಇಡುವುದರಿಂದ ಒಳ್ಳೆಯದೇ. ಆದರೆ ಲೋಹದ ಚೌಕಟ್ಟಿನ ಕವರ್, ಬೈಕಿನ ಮ್ಯಾಗ್ನೆಟ್ ಹೋಲ್ಡರಿಗೆ ಅಂಟಿಸುವ ತಗಡು, ಬೆರಳಿಗೆ ಸಿಕ್ಕಿಸುವ ಉಂಗುರದ ದಪ್ಪ ಪ್ಲೇಟು, ಇವು ಆಂಟೆನಾ ಮೇಲೆ ಬಿದ್ದರೆ ಕೈಗಿಂತ ಕೆಟ್ಟದು. ತಗಡು ಬೇಕೇ ಬೇಕು ಅಂದರೆ ಬೆನ್ನಿನ ಮಧ್ಯಕ್ಕೆ ಅಂಟಿಸಿ. ಕೆಳತುದಿ, ಮೇಲ್ತುದಿ ಬಿಟ್ಟುಬಿಡಿ.

ರೇಡಿಯೇಷನ್ ತಡೆಯುತ್ತೆ ಅಂತ ಮಾರುವ ಸ್ಟಿಕ್ಕರ್ ಬಗ್ಗೆ ನನಗೆ ಸಿಟ್ಟಿದೆ. ಬಸುರಿ ಹೆಂಗಸರು, ಸಣ್ಣ ಮಕ್ಕಳ ತಾಯಂದಿರು ಹೆದರಿ ಕೊಳ್ಳುತ್ತಾರೆ. ಅದು ನಿಜಕ್ಕೂ ಅಲೆ ತಡೆದರೆ ಫೋನ್ ಕೆಲಸವೇ ಮಾಡಬಾರದು. ಅರ್ಧಂಬರ್ಧ ತಡೆದರೆ ಫೋನ್ ಟವರಿಗೆ ಮುಟ್ಟಲು ಇನ್ನೂ ಜೋರಾಗಿ ಕೂಗುತ್ತದೆ. ಅಮೆರಿಕದ ಗ್ರಾಹಕರ ಹಿತ ನೋಡುವ ಸರ್ಕಾರಿ ಆಯೋಗವೂ ಇದನ್ನೇ ಎಚ್ಚರಿಸಿದೆ. ನಮ್ಮ ರೈತರ ಸ್ಟಿಕ್ಕರನ್ನು ನಾನೇ ಉಗುರಲ್ಲಿ ಕೆರೆದು ತೆಗೆದೆ.

ನಮಗೆ ಕೇಳುತ್ತೆ, ಅವರಿಗೆ ಕೇಳಲ್ಲ

ಕಡ್ಡಿ ತುಂಬಾ ಇದೆ, ಆಚೆಯವರ ಮಾತು ಸ್ಪಷ್ಟ, ಆದರೆ ಅವರು "ಹಲೋ ಹಲೋ" ಅಂತಲೇ ಇರುತ್ತಾರೆ. ಮೊದಲು ಮೈಕಿನ ತೂತು ನೋಡಿ, ಕಸ ಕೂತಿರಬಹುದು. ವಾಯ್ಸ್ ರೆಕಾರ್ಡರಿನಲ್ಲಿ ನಿಮ್ಮ ಧ್ವನಿ ಚೆನ್ನಾಗಿ ಬಂದರೆ ಮೈಕ್ ಸರಿ ಇದೆ. ಆಗ ಅನುಮಾನ ಆಂಟೆನಾ ಮೇಲೆ.

ಕಾರಣ ಹೀಗಿದೆ. ಟವರ್ ಹತ್ತಾರು ವ್ಯಾಟ್ ಶಕ್ತಿಯಿಂದ ಕೂಗುತ್ತದೆ. 4ಜಿ ಫೋನಿಗೆ ಇರುವುದು ಹೆಚ್ಚೆಂದರೆ ಒಂದು ವ್ಯಾಟಿನ ಐದನೇ ಒಂದು ಪಾಲು. ಸಂತೆಯಲ್ಲಿ ಮೈಕಿನಲ್ಲಿ ಮಾತಾಡುವವನ ಮಾತು ಎಲ್ಲರಿಗೂ ಕೇಳುತ್ತದೆ, ನಾವು ಇಲ್ಲಿಂದ ಕೊಟ್ಟ ಉತ್ತರ ಅವನಿಗೆ ಕೇಳುವುದಿಲ್ಲ, ಅಲ್ವಾ? ಹಾಗೇ ಇದು. ಅಷ್ಟೇ ಅಲ್ಲ, ಕೇಳಿಸಿಕೊಳ್ಳಲು ಫೋನ್ ಮೇಲಿನ ಮತ್ತು ಕೆಳಗಿನ ಎರಡೂ ಆಂಟೆನಾ ಬಳಸುತ್ತದೆ. ಮಾತು ಕಳಿಸುವುದು ಸಾಮಾನ್ಯವಾಗಿ ಒಂದರಿಂದ. ಆ ಒಂದು ನಿಮ್ಮ ಅಂಗೈ ಒಳಗಿದ್ದರೆ ಕಡ್ಡಿ ತೋರಿಸುವುದು ಬೇರೆ, ಆಗುವುದು ಬೇರೆ. ಒಳ್ಳೆಯ ಫೋನ್‌ಗಳು ಒಂದು ಮುಚ್ಚಿದರೆ ಇನ್ನೊಂದಕ್ಕೆ ತಾವೇ ಬದಲಾಯಿಸಿಕೊಳ್ಳುತ್ತವೆ.

ಮಾಡಬೇಕಾದ್ದು ಸುಲಭ. ಕರೆ ನಡೆಯುತ್ತಿರುವಾಗಲೇ ಫೋನನ್ನು ಮೇಜಿನ ಮೇಲಿಟ್ಟು ಸ್ಪೀಕರ್ ಹಾಕಿ, "ಈಗ ಕೇಳ್ತಿದ್ಯಾ?" ಅಂತ ಕೇಳಿ. ಕೇಳಿಸಿದರೆ ಹಿಡಿತದ್ದೇ ತೊಂದರೆ. ಮುಂದೆ ಫೋನನ್ನು ನಡುಭಾಗದಲ್ಲಿ, ಎರಡೂ ಪಕ್ಕದಿಂದ ಬೆರಳ ತುದಿಯಲ್ಲಿ ಹಿಡಿದು ಮಾತಾಡಿ. ಕಿರುಬೆರಳನ್ನು ಕೆಳಗೆ ಆಧಾರ ಕೊಡುವ ಅಭ್ಯಾಸ ತುಂಬಾ ಜನಕ್ಕಿದೆ. ಅದೊಂದನ್ನು ಬಿಟ್ಟರೆ ಎಷ್ಟೋ ಸರಿಹೋಗುತ್ತದೆ.

ಮೈಗೆ ಏನಾಗುತ್ತದೆ

ಕೈ ಸಿಗ್ನಲ್ ನುಂಗುತ್ತದೆ ಅಂದ ಮೇಲೆ, ನುಂಗಿದ್ದು ಮೈಗೆ ಏನು ಮಾಡುತ್ತದೆ ಅಂತ ಎಲ್ಲರೂ ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಸಾಬೀತಾಗಿರುವ ಪರಿಣಾಮ ಒಂದೇ, ಸ್ವಲ್ಪ ಬಿಸಿ. ಕಿವಿ ಬೆಚ್ಚಗಾಗುವುದು ಬಹುಪಾಲು ಬ್ಯಾಟರಿ ಮತ್ತು ಬೋರ್ಡಿನ ಶಾಖದಿಂದ, ಅಲೆಯಿಂದ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2011ರ ಮೇನಲ್ಲಿ ಈ ಅಲೆಗಳನ್ನು 2ಬಿ ಗುಂಪಿಗೆ ಸೇರಿಸಿತು. ಕ್ಯಾನ್ಸರ್ ತರುತ್ತದೆ ಅಂತ ಅಲ್ಲ, ತರಬಹುದೇನೋ ಅನ್ನುವ ಅನುಮಾನ ಇದೆ, ಪುರಾವೆ ಸಾಲದು ಅಂತ ಆ ಗುಂಪಿನ ಅರ್ಥ.

ಮೈಗೆ ಎಷ್ಟು ಶಕ್ತಿ ಇಳಿಯುತ್ತದೆ ಅನ್ನುವುದಕ್ಕೆ ಎಸ್‌ಎಆರ್ ಅಂತ ಅಳತೆ ಇದೆ. ನಮ್ಮ ದೇಶದಲ್ಲಿ 2012ರ ಸೆಪ್ಟೆಂಬರ್ 1ರಿಂದ ಅದರ ಮಿತಿ ಒಂದು ಕಿಲೋಗೆ 1.6 ವ್ಯಾಟ್, ಒಂದು ಗ್ರಾಂ ಮಾಂಸದ ಸರಾಸರಿ ಲೆಕ್ಕದಲ್ಲಿ. *#07# ಡಯಲ್ ಮಾಡಿದರೆ ಬಹಳಷ್ಟು ಫೋನ್‌ಗಳಲ್ಲಿ ಆ ಫೋನಿನ ಎಸ್‌ಎಆರ್ ಸಂಖ್ಯೆ ಪರದೆ ಮೇಲೆ ಬರುತ್ತದೆ. ಇದನ್ನು ಅಳೆಯುವ ಬಗೆ ಮಂಡ್ಯದವರಿಗೆ ಖುಷಿ ಕೊಡುವಂಥದ್ದು. ತಲೆಯ ಆಕಾರದ ಚಿಪ್ಪಿನೊಳಗೆ ದ್ರವ ತುಂಬಿ, ಅದಕ್ಕೆ ಫೋನ್ ಒತ್ತಿಟ್ಟು, ಒಳಗೆ ಸಣ್ಣ ಕಡ್ಡಿ ಇಳಿಬಿಟ್ಟು ಅಳೆಯುತ್ತಾರೆ. 900 ಮೆಗಾಹರ್ಟ್ಜ್‌ ಸುತ್ತಲಿನ ಅಲೆಗೆ ಬಹಳ ಕಾಲ ಬಳಸಿದ ಆ ದ್ರವದಲ್ಲಿ ಅರ್ಧಕ್ಕಿಂತ ಜಾಸ್ತಿ ಸಕ್ಕರೆ! ಉಳಿದದ್ದು ನೀರು, ಚಿಟಿಕೆ ಉಪ್ಪು, ಸ್ವಲ್ಪ ಮಂದ ಮಾಡುವ ಪುಡಿ. ಬರೀ ನೀರು ಈ ಅಲೆಗೆ ತಲೆಗಿಂತ ತುಂಬಾ ಬೇರೆ ಥರ ವರ್ತಿಸುತ್ತದೆ. ಸಕ್ಕರೆ ಕರಗಿಸಿದರೆ ತಲೆಯ ಗುಣಕ್ಕೆ ಹತ್ತಿರ ಬರುತ್ತದೆ. ನಮ್ಮ ಜಿಲ್ಲೆಯ ಸಕ್ಕರೆ ಇಂಥ ಕೆಲಸಕ್ಕೂ ಬರುತ್ತದೆ ಅಂತ ಓದಿದ ದಿನ ನನಗೆ ನಿಜಕ್ಕೂ ಸಂತೋಷ ಆಗಿತ್ತು.

ಆದರೆ ಆ ಸಂಖ್ಯೆ ಫೋನ್ ಪೂರ್ತಿ ಶಕ್ತಿಯಲ್ಲಿ ಕೂಗುವಾಗಿನದು. ದಿನನಿತ್ಯ ಅಷ್ಟಿರುವುದಿಲ್ಲ. ಸಿಗ್ನಲ್ ಚೆನ್ನಾಗಿದ್ದರೆ ಫೋನ್ ಪಿಸುಮಾತಿನಲ್ಲಿ ಕೆಲಸ ಮುಗಿಸುತ್ತದೆ. ಸಿಗ್ನಲ್ ಕಡಿಮೆ ಇದ್ದಾಗ ಮಾತ್ರ ಪೂರ್ತಿ ಗಂಟಲು ತೆರೆಯುತ್ತದೆ. ಅಂದರೆ ಅಂಗೈಯಿಂದ ಆಂಟೆನಾ ಮುಚ್ಚಿ ಹಿಡಿದರೆ ಸಿಗ್ನಲ್ ಹೋಗುತ್ತದೆ, ಬ್ಯಾಟರಿ ಬೇಗ ಇಳಿಯುತ್ತದೆ, ಮೈಗೂ ಜಾಸ್ತಿ ಇಳಿಯುತ್ತದೆ. ಮೂರಕ್ಕೂ ಒಂದೇ ಮದ್ದು, ನಡುವೆ ಕೊಂಚ ಜಾಗ. ಸಿಗ್ನಲ್ ಇಲ್ಲದ ಕಡೆ, ಕಬ್ಬಿನ ಗದ್ದೆ ನಡುವೆ, ತಗಡಿನ ಮಾಡಿನ ಕೆಳಗೆ ಉದ್ದುದ್ದ ಮಾತು ಬೇಕಾದರೆ ಸ್ಪೀಕರ್ ಹಾಕಿ, ಇಲ್ಲವೇ ವೈರಿನ ಇಯರ್‌ಫೋನ್ ಹಾಕಿ. ಮಕ್ಕಳ ದಿಂಬಿನ ಕೆಳಗೆ ಫೋನ್ ಬೇಡ. ಟವರಿಗೆ ಹೆದರಿ, ಕಿವಿಗೆ ಒತ್ತಿಕೊಂಡ ಫೋನನ್ನು ಮರೆಯುವವರು ತುಂಬಾ ಜನ. ಟವರಿನ ಮಿತಿಯನ್ನೂ ನಮ್ಮಲ್ಲಿ 2012ರಲ್ಲೇ ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದಕ್ಕೆ ಇಳಿಸಿದ್ದಾರೆ. ಟವರ್ ದೂರ ಹೋದಷ್ಟೂ ಕೈಲಿರುವ ಫೋನೇ ಜೋರಾಗಿ ಕೂಗಬೇಕಾಗುತ್ತದೆ.

ಪೇಸ್‌ಮೇಕರ್ ಹಾಕಿಸಿಕೊಂಡವರು ಮಾತ್ರ ಇದನ್ನು ಕಟ್ಟುನಿಟ್ಟಾಗಿ ನೋಡಿಕೊಳ್ಳಬೇಕು. ಫೋನ್ ಆ ಜಾಗದಿಂದ 15 ಸೆಂಟಿಮೀಟರ್ ದೂರ ಇರಲಿ. ಅಂಗಿಯ ಮೇಲ್ಜೇಬಿನಲ್ಲಿ ಇಡಲೇಬೇಡಿ. ಪೇಸ್‌ಮೇಕರ್ ಎಡಗಡೆ ಇದ್ದರೆ ಬಲಗಿವಿಗೆ ಹಿಡಿಯಿರಿ. ಈಗಿನ ಕೆಲವು ಫೋನ್, ಕವರ್‌ಗಳಲ್ಲಿ ಮ್ಯಾಗ್ನೆಟ್ ಕೂಡ ಇರುತ್ತದೆ, ಅದೂ ಪೇಸ್‌ಮೇಕರಿಗೆ ತೊಂದರೆ ಕೊಡಬಹುದು.

ಇಯರ್‌ಬಡ್ ಕಡಿದು ಬರುವುದು

ಮೈಸೂರಿನ ನನ್ನ ಅಕ್ಕನ ಮಗಳು ದಿನಾ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಸುತ್ತ ನಡೆಯುತ್ತಾಳೆ. "ಮಾವ, ಮನೇಲಿ ಹಾಡು ಚೆನ್ನಾಗಿ ಬರುತ್ತೆ, ಕೆರೆ ಏರಿ ಮೇಲೆ ಕಡಿದು ಕಡಿದು ಬರುತ್ತೆ, ಇಯರ್‌ಬಡ್ ಹಾಳಾಗಿದ್ಯಾ?" ಅಂದಳು. ಫೋನ್ ಎಲ್ಲಿಟ್ಟುಕೊಳ್ಳುತ್ತೀಯ ಅಂತ ಕೇಳಿದೆ. ಎಡಗಡೆ ಹಿಂದಿನ ಜೇಬು. ಕಡಿಯುವುದು ಬಲಗಿವಿ.

ಬ್ಲೂಟೂತ್ ಅಲೆ 2.4 ಗಿಗಾಹರ್ಟ್ಜ್. ಅದು ಮೈಯೊಳಗೆ ಎರಡು ಸೆಂಟಿಮೀಟರ್ ಹೋಗುವಷ್ಟರಲ್ಲೇ ಬಹುಪಾಲು ಕರಗುತ್ತದೆ. ಮೈಯನ್ನು ಸೀಳಿಕೊಂಡು ಆ ಕಡೆಗೆ ಹೋಗುವ ಮಾತೇ ಇಲ್ಲ. ಮನೆಯಲ್ಲಾದರೆ ಗೋಡೆಗೆ, ಚಾವಣಿಗೆ ಬಡಿದು ಸುತ್ತಿ ಬಂದು ಕಿವಿ ಸೇರುತ್ತದೆ. ಕೆರೆ ಏರಿ ಮೇಲೆ ಗೋಡೆ ಎಲ್ಲಿದೆ? ಅದಕ್ಕೇ ಬಯಲಲ್ಲಿ ಜಾಸ್ತಿ ಕಡಿಯುತ್ತದೆ. ಫೋನನ್ನು ಬಲಗಡೆ ಮುಂದಿನ ಜೇಬಿಗೆ ಹಾಕಿಕೋ ಅಂದೆ. ಹೊಸದು ಕೊಳ್ಳುವುದು ತಪ್ಪಿತು.

ಮೋಟರ್ ಮನೆಯ ಪೆಟ್ಟಿಗೆ

ಕೊನೆಗೆ ನಮ್ಮ ರೈತರ ಇನ್ನೊಂದು ದೂರು. ಅವರ ಪಂಪ್‌ಸೆಟ್ಟಿಗೆ ಮೊಬೈಲ್ ಸ್ಟಾರ್ಟರ್ ಇದೆ, ಮನೆಯಿಂದ ಕರೆ ಮಾಡಿದರೆ ಮೋಟರ್ ಓಡುತ್ತದೆ. "ಪೆಟ್ಟಿಗೆ ಬಾಗ್ಲು ತೆಗ್ದಿದ್ರೆ ಆಯ್ತದೆ, ಮುಚ್ಚುದ್ರೆ ಆಗಕಿಲ್ಲ. ನಾನು ಮುಂದೆ ನಿಂತ್ರೂ ಆಗಕಿಲ್ಲ" ಅಂದರು. ಇದೂ ಅದೇ ಕಥೆ. ಸಿಮ್ ಇರುವ ಸಾಧನದ ಆಂಟೆನಾ ತಗಡಿನ ಪೆಟ್ಟಿಗೆಯ ಒಳಗೇ ಇತ್ತು. ಬಾಗಿಲು ತೆರೆದಾಗ ಇದ್ದ ಒಂದೇ ದಾರಿಗೆ ಇವರ ಮೈ ಅಡ್ಡ ಬರುತ್ತಿತ್ತು. ಜೊತೆಗೆ ಕಬ್ಬು ಆಳೆತ್ತರ ಬೆಳೆದು ನಿಂತಿದೆ. ಅದರ ತುಂಬಾ ನೀರು, ಅದೂ ಅಲೆ ನುಂಗುತ್ತದೆ. ನಾಟಿ ಮಾಡಿದಾಗ ಚೆನ್ನಾಗಿದ್ದದ್ದು ಕಟಾವಿನ ಹೊತ್ತಿಗೆ ಕೆಡುವುದು ಇದಕ್ಕೇ.

ಮೂರು ಮೀಟರ್ ವೈರಿನ ಮ್ಯಾಗ್ನೆಟ್ ಆಂಟೆನಾ ಕೊಟ್ಟೆ. ಮೇನ್ ಆಫ್ ಮಾಡಿಯೇ ಪೆಟ್ಟಿಗೆ ಮುಟ್ಟಿ, ವೈರನ್ನು ತೂತಿನಿಂದ ಹೊರಗೆ ತಂದು ಮೋಟರ್ ಮನೆಯ ತಗಡಿನ ಮಾಡಿನ ಮೇಲೆ, ಮಧ್ಯಕ್ಕೆ ಕೂರಿಸಿ ಅಂತ ಹೇಳಿದೆ. ಕೆಳಗಿನ ತಗಡೇ ಅದಕ್ಕೆ ಒಳ್ಳೆಯ ಆಸರೆ ಆಗುತ್ತದೆ. ಮಾರನೇ ದಿನ ಬೆಳಿಗ್ಗೆ ಫೋನ್ ಬಂತು. ಹಿಂದೆ ನೀರು ಬೀಳುವ ಸದ್ದು ಕೇಳುತ್ತಿತ್ತು.

ನೀವು ಅಂಗಡಿಗೆ ಫೋನ್ ತರುವುದಾದರೆ ಒರೆಸಿ, ಕವರ್ ತೆಗೆದು, ಹೊಸದರ ಹಾಗೆ ಮಾಡಿ ತರಬೇಡಿ. ದಿನಾ ಹೇಗಿರುತ್ತದೋ ಹಾಗೇ, ಕವರ್, ಉಂಗುರ, ತಗಡು ಎಲ್ಲದರ ಸಮೇತ ತನ್ನಿ. ಸ್ಟೂಲ್, ಕೈ, ಬಾಟಲಿ, ಸೌಟು ಅಂತ ನಾಲ್ಕು ಸಂಖ್ಯೆ ಚೀಟಿಯಲ್ಲಿ ಬರೆದುಕೊಂಡು ಬನ್ನಿ. ಬಂದವರು ಮೊದಲು, ನೀವು ಯಾವ ಕೈಲಿ, ಹೇಗೆ ಹಿಡಿದು ಮಾತಾಡುತ್ತೀರಿ ಅಂತ ಹಿಡಿದು ತೋರಿಸಿ.